ಹಸುರೆಲ್ಲವೂ ವನವಲ್ಲ

ನಗರದಲ್ಲಿ ಮರವೊಂದು ಹಸುರಾಗಿ ನಿಂತಿದ್ದರೆ ಸಾಕು, ಅದು ಯಾವ ಮರವೆಂದು ವಿಚಾರಿಸುವುದೇ ಪಾಪವೆಂಬ ಮತವೊಂದು ವಿದ್ಯಾವಂತರಲ್ಲಿ ಬೇರೂರಿದೆ. ಈ ಮತದ ಖಂಡನೆಗೆ ದಿಲ್ಲಿಯ ಅರಾವಳಿ ದಿಣ್ಣೆಗಳಿಗಿಂತ ಉತ್ತಮವಾದ ಸಾಕ್ಷ್ಯವು ಬೇಕಾಗಿಲ್ಲ.

ನಾವು ಬಳ್ಳಾರಿ ಜಾಲಿಯೆನ್ನುವುದನ್ನೇ ಅಲ್ಲಿಯವರು ವಿಲಾಯತಿ ಕೀಕರ್ ಎನ್ನುವರು. ಅದರ ತವರು ಬಳ್ಳಾರಿಯೂ ಅಲ್ಲ, ವಿಲಾಯತಿಯೂ ಅಲ್ಲ. ಮೆಕ್ಸಿಕೋ ಮೊದಲಾದ ಅಮೆರಿಕದ ಉಷ್ಣಪ್ರಾಂತಗಳು. 1911ರಲ್ಲಿ ರಾಜಧಾನಿಯು ದಿಲ್ಲಿಗೆ ಬರುವುದೆಂದು ಘೋಷಿತವಾದ ಬಳಿಕ, ಹೊಸ ನಗರದ ಬೆನ್ನಿಗಿದ್ದ ಕಲ್ಲುದಿಣ್ಣೆಯು ಶೀಘ್ರವಾಗಿ ಹಸುರಾಗಲೆಂದು ಆಂಗ್ಲ ಅಧಿಕಾರಿಗಳು ಇದನ್ನು ನೆಡಿಸಿದರು. ಹಸುರೇನೋ ಆಯಿತು, ಆದರೆ ನೆಟ್ಟವರು ಹೋದರೂ ಮರವು ಹಬ್ಬುವುದನ್ನು ನಿಲ್ಲಿಸಲಿಲ್ಲ. ಇದರ ಸಿಹಿಗಾಯನ್ನು ದನ ಮೇಕೆಗಳು ತಿನ್ನುವುವು. ಗಟ್ಟಿಯಾದ ಬೀಜವು ಜೀರ್ಣವಾಗದೆ ಸಗಣಿಯೊಡನೆ ಬಿದ್ದು ಮೊಳೆಯುವುದು. ಕಡಿದರೆ ಬುಡದಿಂದ ಹಲವು ಚಿಗುರುಗಳೇಳುವುವು. ಉದುರಿದೆಲೆಯ ಸತ್ತ್ವವು ಅನ್ಯಬೀಜಗಳು ಮೊಳೆಯದಂತೆ ತಡೆಯುವುದು. ಹೀಗೆ ಮುತ್ತುಗ, ಬಿಳಿಜಾಲಿ, ನಮ್ಮ ದಿಂಡಿಗದ ದಾಯಾದಿಯಾದ ಧೌ ಮೊದಲಾದ ನಾಡಮರಗಳು ತಮ್ಮ ನೆಲದಲ್ಲಿಯೇ ನಿರಾಶ್ರಿತವಾದುವು.

ಪರದೇಶದ್ದೆಂದು ದ್ವೇಷಿಸುವಿರಾ ಎಂದು ಕೆಲವರು ಕೇಳುವರು. ಮೆಣಸಿನಕಾಯಿಯೂ ಗೋಡಂಬಿಯೂ ಅಮೆರಿಕದಿಂದಲೇ ಬಂದುವು. ಅವು ನೆರೆಯವರನ್ನು ಹೊರದೂಡಲಿಲ್ಲವಾಗಿ ಮನೆಯವೇ ಆದುವು. ಅತಿಥಿಯ ಊರು ದೋಷವಲ್ಲ, ನಡತೆಯೇ ದೋಷ. ಬಡವರಿಗೆ ಸೌದೆಯಾಗುವುದಲ್ಲವೇ ಎಂದು ಬೇರೆ ಕೆಲವರು ಕೇಳುವರು. ಬಯಲುಸೀಮೆಯ ಹಳ್ಳಿಗಳ ಮಟ್ಟಿಗೆ ಈ ಮಾತು ಸತ್ಯ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ನಗರದ ಕಾದಿಟ್ಟ ಅರಣ್ಯವು ಸೌದೆಯ ತೋಪಲ್ಲ.

ಹಾಗೆಂದು ಒಂದೇ ಸಲ ಎಲ್ಲವನ್ನೂ ಕಡಿಯಿರೆಂಬುದು ನಮ್ಮ ವಾದವಲ್ಲ. ಬೋಳಾದ ದಿಣ್ಣೆಯಲ್ಲಿ ಮೊದಲು ಚಿಗುರುವುದು ಮತ್ತೆ ಜಾಲಿಯೇ. ದಿಲ್ಲಿಯ ಸಸ್ಯಶಾಸ್ತ್ರಜ್ಞರಾದ ಸಿ. ಆರ್. ಬಾಬು ಅವರು ಬೋಧಿಸಿದ ಮಾರ್ಗವೇ ಯುಕ್ತವಾದುದು: ಜಾಲಿಯ ನೆತ್ತಿಯ ಕೊಂಬೆಗಳನ್ನು ಸವರಿ ನೆಲಕ್ಕೆ ಬಿಸಿಲು ಬೀಳಿಸುವುದು, ಅಡಿಯಲ್ಲಿ ನಾಡಗಿಡಗಳನ್ನು ಬೆಳೆಸುವುದು, ಅವು ತಲೆಯೆತ್ತಿದಂತೆ ಜಾಲಿಯು ತಾನೇ ಸೊರಗುವುದು. ಇದಕ್ಕೆ ವರ್ಷಗಳು ಹಿಡಿಯುವುವು. ಬೇಗನೆಂಬ ಆತುರದಿಂದಲೇ ಕೆಟ್ಟುದು ಬೇಗನೆ ಸರಿಹೋಗಲಾರದು.

ಈ ಆತುರವು ಆಂಗ್ಲರೊಡನೆ ತೊಲಗಿತೆಂದು ಹಿಗ್ಗಬೇಕಾಗಿಲ್ಲ. ಬೇಗನೆ ಬೆಳೆಯುವುದೆಂದು ಕೊನೊಕಾರ್ಪಸ್ ಎಂಬ ಪರದೇಶದ ಮರವನ್ನು ನಮ್ಮವರೇ ರಸ್ತೆಗಳ ನಡುವೆ ಸಾಲುಸಾಲಾಗಿ ನೆಟ್ಟರು. 2023ರಲ್ಲಿ ಗುಜರಾತು ಸರ್ಕಾರವು ಅದನ್ನು ನೆಡಕೂಡದೆಂದು ಆಜ್ಞೆ ಮಾಡಬೇಕಾಯಿತು. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ತಮ್ಮ ಊರಿನ ಪುರಸಭೆಯು ಸಸಿ ನೆಡಲು ಬಂದಾಗ ಎಷ್ಟು ಸಸಿಯೆಂದು ಕೇಳುವುದಕ್ಕೆ ಮೊದಲು ಯಾವ ಸಸಿಯೆಂದು ಕೇಳಿರಿ. ನೆಡುವುದು ಒಂದು ದಿನದ ಉತ್ಸವ. ಅದರ ಫಲವನ್ನುಣ್ಣುವವರು ಮೊಮ್ಮಕ್ಕಳು.