ಯಂತ್ರಕಾಳಗದಲ್ಲಿ ಹಿಂಸೆಯ ನೆಲೆ

ಇಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ರೋಬೋಟುಗಳ ಕಾಳಗವು ಈಗ ಅಪರೂಪದ ಸಂಗತಿಯಲ್ಲ. ಮುಂಬಯಿಯ ಐ.ಐ.ಟಿ.ಯ ಟೆಕ್‌ಫೆಸ್ಟಿನಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯ ಸ್ಥಾನವೇ ದೊರೆತಿದೆ. ಇಂತಹ ಯಂತ್ರವನ್ನು ಕಟ್ಟಲು ವಿದ್ಯಾರ್ಥಿಗಳು ಧನಸಹಾಯ ಕೋರಿದಾಗ ಧರ್ಮದರ್ಶಿಗಳ ಮುಂದೆ ಎರಡು ವಾದಗಳು ಏಳುತ್ತವೆ. ಕಾಳಗಕ್ಕೆ ಹಣ ಕೊಡುವುದು ಅನರ್ಥದಂಡದಲ್ಲಿ ಹೇಳಿದ ಹಿಂಸಾದಾನವೇ ಆಗುತ್ತದೆ ಎಂಬುದು ಒಂದು. ಕಬ್ಬಿಣವು ಅಜೀವ, ಅಜೀವವು ಅಜೀವವನ್ನು ಬಡಿದರೆ ಹಿಂಸೆ ಎಲ್ಲಿಂದ ಬಂತು ಎಂಬುದು ಇನ್ನೊಂದು. ಎರಡು ಪಕ್ಷದವರೂ ಕಾಳಗದ ಕಣವನ್ನು ನೋಡುತ್ತಾರೆ. ಯಂತ್ರ ಸಿದ್ಧವಾಗುವ ಮೇಜನ್ನು ನೋಡುವವರಿಲ್ಲ. ಕಣದ ಸುತ್ತ ಗಟ್ಟಿಯಾದ ಪಾರದರ್ಶಕ ಗೋಡೆಯಾದರೂ ಇರುತ್ತದೆ. ಮೇಜಿನ ಬಳಿ ಇರುವವರು ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು.

1994ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಾರ್ಕ್ ಥಾರ್ಪ್ ಎಂಬವರು ಆರಂಭಿಸಿದ ಈ ಆಟವನ್ನು 1998ರಿಂದ ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನವು ಮನೆಮನೆಗೆ ಮುಟ್ಟಿಸಿತು. ಅಲ್ಲಿ ಮೂರನೆಯ ಮತ್ತು ನಾಲ್ಕನೆಯ ಸರಣಿಗಳನ್ನು ಗೆದ್ದ 'ಕೇಯಾಸ್ 2' ಎಂಬ ಯಂತ್ರವು ಎದುರಾಳಿಯನ್ನು ಕೊಯ್ಯುತ್ತಿರಲಿಲ್ಲ, ಇಂಗಾಲದ ಡೈಆಕ್ಸೈಡಿನ ಬಲದಿಂದ ಮೇಲಕ್ಕೆಸೆದು ಮಗುಚುತ್ತಿತ್ತು. ಅಂದಿನಿಂದ ಈ ಅನಿಲದ ಮೇಲೆ ಸ್ಪರ್ಧಾಳುಗಳಿಗೆ ವಿಶೇಷ ಒಲವು.

ಒಲವಿಗೆ ಕಾರಣವುಂಟು. ಈ ಅನಿಲವು ಸಾಧಾರಣ ಉಷ್ಣತೆಯಲ್ಲೇ ಒತ್ತಡಕ್ಕೆ ದ್ರವವಾಗುವುದರಿಂದ ಪುಟ್ಟ ಸಿಲಿಂಡರಿನಲ್ಲಿ ಬಹಳಷ್ಟು ಹಿಡಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಒತ್ತಡ ಸುಮಾರು 57 ಬಾರ್. ಕಾರಿನ ಚಕ್ರದಲ್ಲಿರುವುದು ಎರಡು ಬಾರಿಗಿಂತ ತುಸು ಹೆಚ್ಚು. 63 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಹಿಂದೆ ಈ ಒತ್ತಡವನ್ನು ಬಿಟ್ಟರೆ 1800 ಕಿಲೋ ಭಾರಕ್ಕೆ ಸಮನಾದ ನೂಕು ಬರುತ್ತದೆ. ಹೊಡೆತಕ್ಕೆ ಅನಿಲವನ್ನು ಸಿದ್ಧವಾಗಿಡುವ ಒಂದು ಲೀಟರಿನ ಟ್ಯಾಂಕಿನಲ್ಲಿ ಹತ್ತು ಸಾವಿರ ಜೂಲ್‌ಗೂ ಮಿಕ್ಕ ಶಕ್ತಿ ಅಡಗಿರುತ್ತದೆ. ಹೋಲಿಕೆಯನ್ನು ವಾಚಕರು ಮನ್ನಿಸಬೇಕು: 60 ಕಿಲೋ ತೂಕದ ಮನುಷ್ಯನನ್ನು ಬೆಳ್ಗೊಳದ ಗೊಮ್ಮಟಮೂರ್ತಿಯ 57 ಅಡಿ ಎತ್ತರಕ್ಕೆ ಒಯ್ಯಲು ಅಷ್ಟು ಶಕ್ತಿ ಸಾಕು.

ಇಂತಹ ಶಕ್ತಿಯನ್ನು ಕೆಲವು ತಂಡಗಳು 'ಪೂರ್ಣ ಒತ್ತಡ' ಎಂಬ ಹೆಮ್ಮೆಯ ಹೆಸರಿಟ್ಟು, ರೆಗ್ಯುಲೇಟರನ್ನೇ ಕಿತ್ತುಹಾಕಿ, ನೇರವಾಗಿ ಪಿಸ್ಟನ್ನಿಗೆ ಬಿಡುತ್ತವೆ. ರೆಗ್ಯುಲೇಟರು ಅನಿಲದ ಹರಿವನ್ನು ತಡೆಯುತ್ತದೆ, ಹಿಮಗಟ್ಟುತ್ತದೆ ಎಂಬುದು ಅವರ ಸಮರ್ಥನೆ. ಆ ಮಾತು ಸುಳ್ಳಲ್ಲ. ಆದರೆ ರೆಗ್ಯುಲೇಟರಿನ ಮುಂದೆ ಒಂದು ಟ್ಯಾಂಕನ್ನಿಟ್ಟು, ಎರಡು ಹೊಡೆತಗಳ ನಡುವೆ ಅದು ನಿಧಾನವಾಗಿ ತುಂಬುವಂತೆ ಮಾಡಿದರೆ ಆ ಅಡ್ಡಿ ಬಹುಮಟ್ಟಿಗೆ ನೀಗುತ್ತದೆ. ಬಲವೆಂದರೆ ಒತ್ತಡ ಮತ್ತು ವಿಸ್ತೀರ್ಣಗಳ ಗುಣಲಬ್ಧವಷ್ಟೆ: ಮೇಲೆ ಹೇಳಿದ 1800 ಕಿಲೋ ನೂಕನ್ನು 150 ಮಿಲಿಮೀಟರ್ ವ್ಯಾಸದ ಪಿಸ್ಟನ್ನು ಹತ್ತೇ ಬಾರ್ ಒತ್ತಡದಲ್ಲಿ ಕೊಡಬಲ್ಲುದು. ಯಂತ್ರ ಭಾರವಾಗುತ್ತದೆ, ದೊಡ್ಡ ವಾಲ್ವು ಬೇಕಾಗುತ್ತದೆ, ಏಟು ತುಸು ಮಂದವಾಗಬಹುದು, ಪದಕ ತಪ್ಪಲೂಬಹುದು. ಅಷ್ಟನ್ನು ಒಪ್ಪದ ತಂಡಕ್ಕೆ ದಾನದ್ರವ್ಯದಿಂದ ಒಂದು ರೂಪಾಯಿಯನ್ನೂ ಕೊಡಲಾಗದು ಎಂಬುದೇ ನನ್ನ ವಾದ.

ಇದನ್ನು ಅತಿರೇಕ ಎನ್ನುವವರು ಮುಂದಿನದನ್ನು ಗಮನಿಸಬೇಕು. ಪೇಟೆಯಲ್ಲಿ ಸುಲಭವಾಗಿ ಸಿಗುವ ಕಾರ್ಖಾನೆಯ ವಾಲ್ವುಗಳೂ ಪಿಸ್ಟನ್ನುಗಳೂ ಸಾಮಾನ್ಯವಾಗಿ ಹತ್ತು ಬಾರ್ ಒತ್ತಡಕ್ಕೆಂದು ಮಾಡಿದವು. ಅವುಗಳ ಮೇಲೆ ಐವತ್ತೇಳು ಬಾರನ್ನು ಹೇರಿ, ಒಮ್ಮೆ ಒಡೆಯಲಿಲ್ಲವೆಂಬುದನ್ನೇ ಪ್ರಮಾಣವೆಂದು ತಿಳಿಯುವುದು ಎಂತಹ ನ್ಯಾಯ? ಎರಡು ಮುಚ್ಚಿದ ವಾಲ್ವುಗಳ ನಡುವಿನ ಕೊಳವೆಯಲ್ಲಿ ದ್ರವರೂಪದ ಅನಿಲ ಸಿಕ್ಕಿಕೊಂಡು ಬಿಸಿಯಾದರೆ, ಹಿಗ್ಗಲು ತಾವಿಲ್ಲದೆ ಕೊಳವೆಯನ್ನೇ ಸೀಳುತ್ತದೆ. ಆದುದರಿಂದ ಹಾಗೆ ಮುಚ್ಚಿಹೋಗಬಹುದಾದ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ಸುರಕ್ಷಾ ವಾಲ್ವು ಇರಬೇಕು. ಸಿಲಿಂಡರಿಗೆ ಒಂದಿದೆಯಲ್ಲ ಎಂಬ ಸಮಾಧಾನ ಸಲ್ಲದು. ಹೊಡೆತದ ಮೇಲೆ ಹೊಡೆತ ಕೊಟ್ಟಾಗ ಸಿಲಿಂಡರು ತಣ್ಣಗಾಗಿ, ಸೊನ್ನೆ ಡಿಗ್ರಿಯಲ್ಲಿ ಒತ್ತಡ 35 ಬಾರಿಗೆ ಇಳಿಯುತ್ತದೆ. ಆಗ ಅದಕ್ಕೆ ಬಿಸಿಗಾಳಿ ಹಿಡಿಯುವ ಸಾಹಸಿಗಳಿದ್ದಾರೆ!

ನಮ್ಮ ನಾಡಿನ ಬಿಸಿಲಂತೂ ಬೇರೆಯೇ ಲೆಕ್ಕ ಹೇಳುತ್ತದೆ. ಬ್ರಿಟನ್ನಿನ ಸ್ಪರ್ಧಾನಿಯಮಗಳು ಒತ್ತಡಕ್ಕೆ 1000 ಪಿ.ಎಸ್.ಐ., ಅಂದರೆ ಸುಮಾರು 68 ಬಾರಿನ ಮಿತಿಯನ್ನು ಹಾಕಿವೆ. ಅಲ್ಲಿಯ ಹವೆಗೆ ಆ ಮಿತಿ ಹೊಂದುತ್ತದೆ. 28 ಡಿಗ್ರಿಯಲ್ಲಿ ಈ ಅನಿಲ ತಾನಾಗಿಯೇ ಆ ಗೆರೆಯನ್ನು ದಾಟುತ್ತದೆ. 31 ಡಿಗ್ರಿ ಮೀರಿದರೆ ದ್ರವ, ಅನಿಲ ಎಂಬ ಭೇದವೇ ಉಳಿಯುವುದಿಲ್ಲ. ಒತ್ತಡವು ತುಂಬಿದ ಪ್ರಮಾಣವನ್ನು ಅವಲಂಬಿಸಿ ಏರತೊಡಗುತ್ತದೆ. ಲೀಟರಿಗೆ 667 ಗ್ರಾಮಿನಂತೆ ತುಂಬಿದ ಸಿಲಿಂಡರು 40 ಡಿಗ್ರಿಯಲ್ಲಿ ನೂರು ಬಾರನ್ನು ಮೀರುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಗೆ 40 ಡಿಗ್ರಿ ಏನು ಹೆಚ್ಚು? ಪರದೇಶದ ನಕ್ಷೆಯನ್ನು ಹಾಗೆಯೇ ಇಳಿಸಿಕೊಂಡವನು ಈ ಲೆಕ್ಕವನ್ನು ಮಾಡಿರುವುದಿಲ್ಲ.

ಒಡೆಯದೆ ಬರಿದೇ ಸೋರಿದರೂ ಅಪಾಯವುಂಟು. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಎರಡು ಕಿಲೋ ಅನಿಲ ಹೊರಬಂದರೆ ಅಲ್ಲಿಯ ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ನಾಲ್ಕರಷ್ಟಾಗುತ್ತದೆ. ಪ್ರಾಣಕ್ಕೆ ತಕ್ಷಣವೇ ಅಪಾಯಕರವೆಂದು ಅಮೆರಿಕದ ಔದ್ಯೋಗಿಕ ಸುರಕ್ಷಾ ತಜ್ಞರು ಗುರುತಿಸಿರುವ ಮಟ್ಟ ಅದೇ. ಗಾಳಿಗಿಂತ ಭಾರವಾದುದರಿಂದ ಅದು ಮೊದಲು ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ಯಂತ್ರವನ್ನು ಕಟ್ಟುವ ಹುಡುಗರು ಕುಳಿತಿರುವುದೂ ನೆಲದ ಮೇಲೆಯೇ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮೊದಲು ಪ್ರಮಾದವನ್ನು ಇಟ್ಟಿದೆ. ಹಿಂಸಾದಾನದ ಹೆಸರೆತ್ತುವ ಮಹನೀಯರು ಅದೇ ಅನರ್ಥದಂಡದ ಪಟ್ಟಿಯಲ್ಲಿ ಪ್ರಮಾದಚರ್ಯೆಯೂ ಇದೆಯೆಂಬುದನ್ನು ಏಕೆ ಮರೆಯುತ್ತಾರೋ ತಿಳಿಯದು. ವಸ್ತುವನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬ ಆದಾನನಿಕ್ಷೇಪಣ ಸಮಿತಿಯನ್ನು ಮುನಿಗಳು ಕಮಂಡಲು ಪಿಂಛಗಳ ವಿಷಯದಲ್ಲಿಯೇ ಪಾಲಿಸುತ್ತಾರೆ. ಒಳಗೆ ನೂರು ಬಾರ್ ಒತ್ತಡವಿರುವ ವಸ್ತುವನ್ನು ಶ್ರಾವಕನ ಮಗ ಹೇಗೆ ಎತ್ತಿಡಬೇಕು ಎಂದು ಕೇಳುವುದು ಧರ್ಮಕ್ಕೆ ಹೊರಗಾದ ಪ್ರಶ್ನೆಯಲ್ಲ. ಅಜೀವವು ಅಜೀವವನ್ನು ಬಡಿಯಿತು ಎಂಬ ತರ್ಕಕ್ಕೂ ಉತ್ತರ ಇಲ್ಲೇ ಇದೆ: ಸಿಡಿದ ವಾಲ್ವಿನ ಎದುರು ನಿಂತವನು ಅಜೀವನಲ್ಲ.

ದೇಶದಲ್ಲಿ 2016ರ ಗ್ಯಾಸ್ ಸಿಲಿಂಡರು ನಿಯಮಗಳಿವೆ, ಅವುಗಳ ಪಾಲನೆಗೆ ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಸಂಸ್ಥೆಯೂ ಇದೆ. ಆದರೆ ಸರಕಾರದ ಅಧಿಕಾರಿಯು ಪ್ರತಿಯೊಂದು ಕಾಲೇಜಿನ ಹಿಂಬದಿಯ ಕೋಣೆಗೆ ಬರಲಾರನು. ಹಣ ಕೊಡುವ ಟ್ರಸ್ಟಿನವರು ಬರಬಲ್ಲರು. ಸಿಲಿಂಡರಿನ ಮೇಲೆ ಮುದ್ರಿಸಿದ ಜಲಪರೀಕ್ಷೆಯ ದಿನಾಂಕವನ್ನು ಓದಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಯಂತ್ರವನ್ನು ಮುಟ್ಟುವ ಮೊದಲು ಮೇಲೆಸೆಯುವ ತೋಳಿಗೆ ಉಕ್ಕಿನ ಅಡ್ಡಸರಳನ್ನು ಸಿಕ್ಕಿಸಿದ್ದಾರೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಬಳಿಕ, ಒಳಗಿನ ಅನಿಲವನ್ನೆಲ್ಲ ಹೊರಬಿಡುವ ವಾಲ್ವನ್ನು ತಮ್ಮೆದುರಿಗೇ, ಬಯಲಿನಲ್ಲಿ, ತೆರೆಯಿರೆಂದು ಹೇಳಲಿ. ಪಿಸ್ಟನ್ನಿನ ಕಡೆಯ ಮಾಪಕದ ಮುಳ್ಳು ಸೊನ್ನೆಗೆ ಬರುವವರೆಗೆ ನಿಂತು ನೋಡಲಿ. ಆ ವಾಲ್ವು ಎಲ್ಲಿದೆಯೆಂದು ಹುಡುಗರು ಪರಸ್ಪರ ಮುಖ ನೋಡಿಕೊಂಡರೆ, ಚೆಕ್ಕು ಜೇಬಿನಲ್ಲಿಯೇ ಇರಲಿ.