ಸಾಕ್ಷ್ಯಚಿತ್ರಕ್ಕೆ ಬೇಕಿರುವುದು ಒಟಿಟಿ ಅಲ್ಲ

2025–26ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಸರ್ಕಾರಿ ಒಟಿಟಿಯಿಂದ ಸ್ವತಂತ್ರ ಸಾಕ್ಷ್ಯಚಿತ್ರಗಳಿಗೆ ಯುವ ನೋಡುಗರು ಸಿಕ್ಕಾರೆಂದು ನಂಬಿ ಕೂತರೆ ಕೆಟ್ಟೆವು. ಹುಡುಗರ ಕೈಯಲ್ಲಿ ಫೋನಿದೆ, ಯೂಟ್ಯೂಬಿನಲ್ಲಿ ಚಿತ್ರಗಳೂ ಇವೆ. ಜೊತೆಗೆ ಕೂತು ನೋಡಿ, ನೋಡಿದ್ದರ ಮೇಲೆ ವಾದಕ್ಕಿಳಿಯುವ ಜಾಗ ಮಾತ್ರ ಇಲ್ಲ. ಮೈಸೂರಿನ ಚಿತ್ರನಗರಿಗೆ 500 ಕೋಟಿ ರೂಪಾಯಿಯ ಲೆಕ್ಕ ಹಾಕುವವರಿಗೆ ಈ ಕೊರತೆ ಏಕೆ ಕಾಣುವುದಿಲ್ಲ?

ಹೆಗ್ಗೋಡನ್ನು ಮರೆತಿರುವುದೇ ಕಾರಣ. ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಅದೇ ದಶಕದ ಕೊನೆಗೆ ಆ ಅಡಿಕೆ ಸೀಮೆಯ ರೈತರು ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಶೋಮನ್’ ನೋಡಿದರು. ಹಳ್ಳಿಗರಿಗೆ ಇದೆಲ್ಲ ಅರ್ಥವಾಗದು ಎನ್ನುವವರ ಬಾಯಿ ಕಟ್ಟಿತು. ಆದರೆ ಗಮನಿಸಬೇಕಾದದ್ದು ಚಿತ್ರಗಳ ಪಟ್ಟಿಯನ್ನಲ್ಲ, ಅವುಗಳ ಜೊತೆಗಿದ್ದ ಮಾತನ್ನು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದೂರ್ ಬಂದು ಚಿತ್ರವನ್ನು ಬಿಡಿಸಿ ನೋಡುವುದನ್ನು ಕಲಿಸಿದರು. ರಸಗ್ರಹಣ ಶಿಬಿರಗಳು ನಡೆದವು, ಸಿನಿಮಾ ಕುರಿತು ಕನ್ನಡದಲ್ಲಿ ಪುಸ್ತಕಗಳು ಬಂದವು. ಎಂಬತ್ತರ ದಶಕದಲ್ಲಿ ನೀನಾಸಮ್‌ನದೇ ‘ಜನಸ್ಪಂದನ’ ಯೋಜನೆ ಈ ಕೆಲಸವನ್ನು ಬೇರೆ ಊರುಗಳಿಗೂ ಒಯ್ದಿತು. ಇಂದು ಸಂವಾದಾತ್ಮಕ ಉತ್ಸವ ಎಂದು ಕರೆಯುವುದು ಇದನ್ನೇ. ನೋಡುಗ ತಾನಾಗಿ ಹುಟ್ಟುವುದಿಲ್ಲ, ಅವನನ್ನು ಬೆಳೆಸಬೇಕು ಎಂದು ಸುಬ್ಬಣ್ಣನವರು ಮಾಡಿ ತೋರಿಸಿದರು.

ನೆರೆಯಲ್ಲೂ ಉದಾಹರಣೆಯಿದೆ: ಕೇರಳದ ಚಲಚ್ಚಿತ್ರ ಅಕಾಡೆಮಿ 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗಾಗಿಯೇ ಅಂತರರಾಷ್ಟ್ರೀಯ ಉತ್ಸವ ನಡೆಸುತ್ತಿದೆ. 2017ರಲ್ಲಿ ಕೇಂದ್ರ ಸರ್ಕಾರ ಮೂರು ಚಿತ್ರಗಳಿಗೆ ಸೆನ್ಸಾರ್ ವಿನಾಯಿತಿ ನಿರಾಕರಿಸಿತು, ಉತ್ಸವ ನಿಲ್ಲಲಿಲ್ಲ. ನಮ್ಮ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಹದಿನೈದು ವರ್ಷ ದಾಟಿದೆ. ಆ ಉತ್ಸವಕ್ಕೆ ಸಾಟಿಯಾದ ಒಂದನ್ನೂ ನಾವು ಕಟ್ಟಲಿಲ್ಲ.

ಕಟ್ಟುವುದಾದರೆ ಬೆಂಗಳೂರಿನಲ್ಲೇ ಏಕೆ? ಹುಬ್ಬಳ್ಳಿ–ಧಾರವಾಡದ ನಡುವಿನ ರಾಯಾಪುರವನ್ನು ನೋಡಿ. ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ನವನಗರದ ಕಾನೂನು ವಿಶ್ವವಿದ್ಯಾಲಯ, ಸತ್ತೂರಿನ ಎಸ್‌ಡಿಎಂ ವಿಶ್ವವಿದ್ಯಾಲಯ ಎಲ್ಲವೂ ಅದರ ಎಡಬಲಕ್ಕೆ, ಒಂದೇ ಚಿಗರಿ ಬಸ್ಸಿನ ದಾರಿಯಲ್ಲಿವೆ. ಧಾರವಾಡಕ್ಕೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯ. ಇಷ್ಟು ಕಾಲೇಜುಗಳ ವಿದ್ಯಾರ್ಥಿಗಳು ದಿನಾ ಓಡಾಡುವ ಹಾದಿಯಿದು.

ಆದರೆ ಕಾಲೇಜುಗಳಲ್ಲಿ ಸಾಕ್ಷ್ಯಚಿತ್ರ ಪ್ರದರ್ಶನ ಹೇಗೆ ನಡೆಯುತ್ತದೆ? ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಾರ, ಅತಿಥಿಗಳ ಭಾಷಣ. ತಡವಾಗಿ ಚಿತ್ರ ಶುರು. ಮುಗಿದು ಲೈಟು ಹತ್ತಿದ ಕೂಡಲೇ ವಂದನಾರ್ಪಣೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎತ್ತಿದ ಕೈಯನ್ನು ಯಾರೂ ನೋಡುವುದಿಲ್ಲ. ಇಡೀ ಕಾರ್ಯಕ್ರಮ ನಡೆಯಬೇಕಿದ್ದದ್ದು ಆ ಕೈಗಾಗಿ.

ಬೇಂದ್ರೆಯವರು ಬದುಕಿದ್ದಾಗಲೇ ಅವರ ಮೇಲೆ ಗಿರೀಶ ಕಾರ್ನಾಡರು ಮಾಡಿದ ಸಾಕ್ಷ್ಯಚಿತ್ರವನ್ನು ರಾಯಾಪುರದಲ್ಲಿ ತೋರಿಸಿ, ಕವಿಯನ್ನು ಹೀಗೆ ತೋರಿಸಿದ್ದು ಸರಿಯೇ ಎಂದು ಕೇಳಿ. ಧಾರವಾಡದ ಹುಡುಗರು ಸುಮ್ಮನಿರುವವರಲ್ಲ. ರಾಯಾಪುರದ ಅಕ್ಷಯಪಾತ್ರೆ ಅಡುಗೆಮನೆಯಿಂದ ಶಾಲೆಗಳಿಗೆ ಊಟದ ಗಾಡಿಗಳು ಹೊರಡುತ್ತವೆ. ಅದರ ಮೇಲೆ ಐದು ನಿಮಿಷದ ಚಿತ್ರ ಮಾಡಿ ತನ್ನಿ ಎಂದರೆ, ಯಾರನ್ನು ಮಾತಾಡಿಸಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಅವರಿಗೇ ಎದುರಾಗುತ್ತದೆ. ಹಾಗೆ ಒದ್ದಾಡಿದವರು ಮುಂದೆ ಬೇರೆಯವರ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ.

ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ಸೇರಿ ಈ ವರ್ಷವೇ ರಾಯಾಪುರದಲ್ಲಿ ಮೂರು ದಿನದ ಉತ್ಸವ ಮಾಡಲಿ. ಚಿತ್ರಗಳನ್ನು ವಿದ್ಯಾರ್ಥಿಗಳೇ ಆರಿಸಲಿ, ನಿರ್ದೇಶಕರಿಗೆ ಪ್ರಯಾಣದ ಖರ್ಚು ಕೊಡಲಿ, ಉದ್ಘಾಟನಾ ಸಮಾರಂಭವನ್ನು ಕೈಬಿಟ್ಟು ಆ ಸಮಯವನ್ನು ಪ್ರಶ್ನೆಗಳಿಗೆ ಬಿಡಲಿ.