ಸಂಬಳವನ್ನು ಅಳೆಯುವ ಬಗೆ

ಪ್ರತಿವರ್ಷ ಪಿ.ಯು. ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಕುಳಿತು ಕಿವಿಗೊಟ್ಟರೆ ಒಂದೇ ಪ್ರಶ್ನೆ ಹಲವು ಬಾಯಿಗಳಲ್ಲಿ ಕೇಳಿಬರುತ್ತದೆ. ಹಿರಿಯೂರಿನಿಂದ ಬಂದ ತಂದೆ, ಹೊಸದುರ್ಗದಿಂದ ತಮ್ಮನ ಜೊತೆಗೆ ಬಂದ ಅಣ್ಣ, ಹೊಳಲ್ಕೆರೆಯಿಂದ ಮಗಳನ್ನು ಕರೆತಂದ ತಾಯಿ, ಎಲ್ಲರೂ ವಿಚಾರಿಸುವುದು ಇದನ್ನೇ: "ಯಾವುದನ್ನು ಓದಿದರೆ ಒಳ್ಳೆಯ ಸಂಬಳ ಸಿಕ್ಕೀತು?" ಈ ಪ್ರಶ್ನೆಯನ್ನು ಕೀಳೆಂದು ತಳ್ಳಿಹಾಕಿ, ವಿದ್ಯೆಯನ್ನು ವಿದ್ಯೆಗಾಗಿಯೇ ಕಲಿಯಬೇಕೆಂದು ಉಪದೇಶಿಸುವ ಹಿರಿಯರುಂಟು. ನಾವು ಆ ಗುಂಪಿಗೆ ಸೇರಿದವರಲ್ಲ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಒಂದು ಸ್ಥಿರವಾದ ತಿಂಗಳ ವರಮಾನವು ಮನೆಯ ಸಾಲ, ತಂಗಿಯ ಓದು, ಮುದುಕರ ಔಷಧ ಇವೆಲ್ಲವನ್ನೂ ಹೊರಬೇಕಾಗಿದೆಯೆಂಬುದನ್ನು ನಾವು ಬಲ್ಲೆವು.

ಪ್ರಶ್ನೆ ಸರಿಯಾದುದೇ, ನಮ್ಮ ಆಕ್ಷೇಪಣೆ ಇರುವುದು ಉತ್ತರವನ್ನು ಹುಡುಕುವ ವಿಧಾನದ ಬಗ್ಗೆ. ಪ್ರಯೋಗಶಾಲೆಯಲ್ಲಿ ಒಂದು ತಂತಿಯ ದಪ್ಪವನ್ನು ಸ್ಕ್ರೂಗೇಜಿನಿಂದ ಐದು ಕಡೆ ಅಳೆದು, ಶೂನ್ಯದೋಷವನ್ನು ಕಳೆದು ಬರೆಯುವ ವಿದ್ಯಾರ್ಥಿಯೇ ತನ್ನ ಜೀವಮಾನದ ವರಮಾನವನ್ನು ಒಂದು ಜಾಹೀರಾತಿನಿಂದ ಅಳೆದುಬಿಡುತ್ತಾನೆ!

ಮೊದಲನೆಯ ದೋಷವನ್ನು ಹಿರಿಯೂರಿನವರು ಸುಲಭವಾಗಿ ತಿಳಿದಾರು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತು. ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ, ಎಂದರೆ 89 ವರ್ಷಗಳ ಮೇಲೆ. ಕೋಡಿ ಬಿದ್ದ ದಿನದ ಚಿತ್ರವನ್ನು ನೋಡಿ, ಪ್ರತಿವರ್ಷವೂ ಅಷ್ಟೇ ನೀರು ಬರುವುದೆಂದು ಲೆಕ್ಕ ಹಾಕಿ ಬೆಳೆಯಿಡುವ ರೈತನು ಅಚ್ಚುಕಟ್ಟಿನಲ್ಲಿ ಯಾರೂ ಇಲ್ಲ. ಆದರೆ ಕಾಲೇಜೊಂದರ ಹುಡುಗನಿಗೆ ವರ್ಷಕ್ಕೆ 40 ಲಕ್ಷ ರೂಪಾಯಿಗಳ ನೌಕರಿ ದೊರೆಯಿತೆಂಬ ಫಲಕವನ್ನು ನೋಡಿ ಅದೇ ರೈತನು ಮಗನನ್ನು ಅಲ್ಲಿಗೆ ಸೇರಿಸುತ್ತಾನೆ. ಆ ಫಲಕವೂ ಒಂದು ಕೋಡಿಯ ಚಿತ್ರವೇ.

"ನಾವು ಸರಾಸರಿಯನ್ನು ಕೇಳಿದ್ದೇವೆ" ಎಂದು ಕೆಲವರು ಹೇಳಬಹುದು. ಸರಾಸರಿಯೂ ಮೋಸಗೊಳಿಸಬಲ್ಲದು. ಹತ್ತು ಜನರ ಪೈಕಿ ಒಬ್ಬನಿಗೆ 40 ಲಕ್ಷ, ಉಳಿದ ಒಂಬತ್ತು ಜನಕ್ಕೆ ತಲಾ 4 ಲಕ್ಷ ದೊರೆತರೆ ಸರಾಸರಿಯು 7 ಲಕ್ಷ 60 ಸಾವಿರವಾಗುತ್ತದೆ. ಆ ಹತ್ತು ಜನರಲ್ಲಿ ಅಷ್ಟು ಪಡೆದವನು ಒಬ್ಬನೂ ಇಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವೆ ನಿಂತವನ ಸಂಬಳವನ್ನು ಕೇಳಬೇಕು. ಇದೇ ಗಣಿತದ ಪಾಠದಲ್ಲಿ ಬರುವ ಮಧ್ಯಾಂಕ. ಇಲ್ಲಿ ಅದು 4 ಲಕ್ಷ. ಇನ್ನೊಂದು ಮಾತು: ನೌಕರಿ ದೊರೆಯದವರನ್ನು ಬಿಟ್ಟು ಲೆಕ್ಕ ಮಾಡಿದ ಅಂಕಿಗೆ ಬೆಲೆಯಿಲ್ಲ. ತರಗತಿಗೆ ಸೇರಿದವರೆಷ್ಟು, ತೇರ್ಗಡೆಯಾದವರೆಷ್ಟು, ಕೆಲಸ ಪಡೆದವರೆಷ್ಟು ಎಂಬ ಮೂರು ಸಂಖ್ಯೆಗಳನ್ನೂ ಕೇಳಿ ಪಡೆಯಬೇಕು. ಕೊಡಲು ಹಿಂಜರಿಯುವ ಸಂಸ್ಥೆಯ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ.

ಎರಡನೆಯ ದೋಷ ಕಾಲಕ್ಕೆ ಸಂಬಂಧಿಸಿದುದು. ಹೋದ ವರ್ಷ ಈರುಳ್ಳಿಗೆ ಬೆಲೆ ಬಂದಿತೆಂದು ಈ ವರ್ಷ ಎಲ್ಲರೂ ಈರುಳ್ಳಿಯನ್ನೇ ಹಾಕಿದರೆ ಕೊಯ್ಲಿನ ಹೊತ್ತಿಗೆ ಏನಾಗುವುದೆಂದು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ಇಂಜಿನಿಯರುಗಳ ಸಂಬಳವೂ ಹೀಗೆಯೇ ಏರಿಳಿಯುವುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಲ್ಲಿ ತೋರಿಸಿದರು: ಸಂಬಳ ಏರಿದಾಗ ಎಲ್ಲರೂ ಆ ಶಿಕ್ಷಣಕ್ಕೆ ನುಗ್ಗುವರು, ಅವರು ಹೊರಬರುವ ವೇಳೆಗೆ ಸಂಖ್ಯೆ ಹೆಚ್ಚಾಗಿ ಸಂಬಳ ಇಳಿಯುವುದು, ಆಗ ಸೇರುವವರು ಕಡಮೆಯಾಗಿ, ಕೆಲವು ವರ್ಷಗಳಲ್ಲಿ ಮತ್ತೆ ಏರುವುದು. ನಾವು ಇಂದು ನೋಡುವುದು ಇಂದಿನ ಪೇಟೆಯ ಧಾರಣೆ. ನಮ್ಮ ಸರಕು ಪೇಟೆಗೆ ಬರುವುದು ನಾಲ್ಕು ವರ್ಷಗಳ ಅನಂತರ. 2001, 2008, 2023 ಈ ಮೂರು ವರ್ಷಗಳಲ್ಲಿಯೂ ಕಂಪ್ಯೂಟರ್ ಉದ್ಯಮವು ಹಿಂಜರಿದುದನ್ನು ಬೆಂಗಳೂರು ಕಂಡಿದೆ. ಮೊದಲ ಎರಡು ಸಲ ಚೇತರಿಸಿಕೊಂಡುದನ್ನೂ ಕಂಡಿದೆ. ಆದುದರಿಂದ ಕಂಪ್ಯೂಟರ್ ವಿಜ್ಞಾನವನ್ನು ಓದಬಾರದೆಂದು ನಾವು ಹೇಳುತ್ತಿಲ್ಲ. ಪಕ್ಕದ ಮನೆಯವನು ಓದಿದನೆಂಬ ಒಂದೇ ಕಾರಣಕ್ಕೆ ಓದಬಾರದೆಂಬುದಷ್ಟೇ ನಮ್ಮ ಅಭಿಪ್ರಾಯ. ಕಾಲೇಜಿನ ಆಯ್ಕೆಯು ಈರುಳ್ಳಿಯ ಬಿತ್ತನೆಯಂತಲ್ಲ, ಹೊಳಲ್ಕೆರೆಯ ಅಡಿಕೆ ಸಸಿಯಂತೆ; ನೆಟ್ಟ ಮೇಲೆ ಕಾಯಬೇಕು, ಕಿತ್ತು ಬೇರೆ ನೆಡುವುದು ಕಷ್ಟ.

ಮೂರನೆಯ ದೋಷ ವೆಚ್ಚವನ್ನು ಕಳೆಯದಿರುವುದು. ನಾಲ್ಕು ವರ್ಷಗಳ ಓದಿಗೆ 10 ಲಕ್ಷ ಸಾಲ ಮಾಡಿದರೆ ಶೇಕಡಾ 10ರ ದರದಲ್ಲಿ ವರ್ಷದ ಬಡ್ಡಿಯೇ 1 ಲಕ್ಷ. ಮೇಲೆ ಹೇಳಿದ 4 ಲಕ್ಷದ ಸಂಬಳದಲ್ಲಿ ಕಾಲು ಭಾಗವು, ಅಸಲಿನ ಒಂದು ಕಾಸೂ ತೀರದೆ, ಬಡ್ಡಿಗೆ ಹೋಗುವುದು. ಉಳಿದುದರಲ್ಲಿ ಬೆಂಗಳೂರಿನ ಬಾಡಿಗೆ. ತೋಟವನ್ನು ಅಡವಿಟ್ಟು ಸೀಟು ಕೊಂಡು, ಎರಡನೆಯ ವರ್ಷದಲ್ಲಿ ಗಣಿತ ಕೈಕೊಟ್ಟು ಮರಳಿ ಬಂದ ಹುಡುಗನೊಬ್ಬನನ್ನು ನಾವು ಬಲ್ಲೆವು. ಅವನು ದಡ್ಡನಾಗಿರಲಿಲ್ಲ. ನಮ್ಮ ತರಗತಿಯಲ್ಲಿ ಮೋಟಾರನ್ನು ಬಿಚ್ಚಿ ಜೋಡಿಸಬಲ್ಲವನು ಅವನೊಬ್ಬನೇ ಆಗಿದ್ದನು. ಡಿಪ್ಲೊಮಾದ ಹೆಸರನ್ನು ಅವನ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬೇಕಾಗಿದ್ದ ನಾವೂ ಎತ್ತಲಿಲ್ಲ.

ಹಾಗಾದರೆ ಹಾದಿಗಳಾವುವು? ಕಣ್ಣೆದುರಿಗೇ ಒಂದು ನಿದರ್ಶನವಿದೆ. 2023ರ ಏಪ್ರಿಲ್ 2ರಂದು ನೆರೆಯ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ಕ್ಷೇತ್ರದಲ್ಲಿ ಇಸ್ರೋ ಸಂಸ್ಥೆಯವರು ರೆಕ್ಕೆಯುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟರು. ಅದು ಯಾರ ಕೈಯೂ ಸೋಕದೆ ತಾನೇ ಹಾದಿ ಹಿಡಿದು ಓಡುದಾರಿಯ ಮೇಲೆ ಇಳಿಯಿತು. ಇಂಥ ಸಂಸ್ಥೆಗೆ ವಿಜ್ಞಾನಿಗಳು ಮಾತ್ರ ಸಾಕೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಿರುವರು. ಹಾಗಲ್ಲ: ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ. ಓದಿದವರನ್ನು ತಂತ್ರಜ್ಞರನ್ನಾಗಿಯೂ, ಪ್ರಥಮ ದರ್ಜೆಯ ಡಿಪ್ಲೊಮಾ ಪಡೆದವರನ್ನು ತಾಂತ್ರಿಕ ಸಹಾಯಕರನ್ನಾಗಿಯೂ ಅದು ಪರೀಕ್ಷೆಯ ಮೂಲಕ ಆರಿಸಿಕೊಳ್ಳುತ್ತದೆ. ಆದರೆ ಕ್ಷೇತ್ರವು ನಮ್ಮ ಜಿಲ್ಲೆಯಲ್ಲಿದೆಯೆಂದು ಕೆಲಸವು ತಾನಾಗಿ ನಮ್ಮವರಿಗೆ ಬರುವುದಿಲ್ಲ. ಪರೀಕ್ಷೆಯನ್ನು ಇಡೀ ದೇಶದವರು ಬರೆಯಬಹುದು.

ಡಿಪ್ಲೊಮಾ ಮುಗಿಸಿದವನು ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ನಡುವೆ ದುಡಿದು ಬರುವುದಕ್ಕೂ ಅಡ್ಡಿಯಿಲ್ಲ. ಬಿ.ಎಸ್‌ಸಿ. ಎಂದರೆ ಮೂಗು ಮುರಿಯುವವರು ಗಮನಿಸಲಿ: ಎಂ.ಎಸ್‌ಸಿ. ಮುಗಿಸಿ ರಾಷ್ಟ್ರೀಯ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನಕ್ಕೆ ಅರ್ಹತೆ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ದೊರೆಯುತ್ತಿದೆ. ಹಾದಿ ಉದ್ದ, ಪರೀಕ್ಷೆ ಕಠಿಣ. ಆದರೆ ಅದಕ್ಕೆ ತೋಟವನ್ನು ಅಡವಿಡಬೇಕಾಗಿಲ್ಲ. ಇಂಜಿನಿಯರಿಂಗನ್ನೇ ಬಯಸುವವರು ಸಿ.ಇ.ಟಿ.ಯಲ್ಲಿ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳು ಮೀಸಲಾಗಿರುವುದನ್ನು ಮರೆಯದಿರಲಿ. ಹತ್ತನೆಯ ತರಗತಿಯವರೆಗಿನ ವ್ಯಾಸಂಗದ ಪ್ರಮಾಣಪತ್ರವನ್ನಿಟ್ಟು ಅರ್ಜಿಯಲ್ಲಿಯೇ ಇದನ್ನು ಕೋರಬೇಕು. ಕನ್ನಡದಲ್ಲಿ ಓದಿದೆನೆಂಬ ಅಳುಕಿನಿಂದ ವಿಜ್ಞಾನವನ್ನೇ ಬಿಡುವ ಹೆಣ್ಣುಮಕ್ಕಳನ್ನು ಕಂಡಾಗ ನಮಗೆ ಬಹಳ ವ್ಯಥೆಯಾಗುತ್ತದೆ. ಇಂಗ್ಲಿಷ್ ಪದಗಳ ತೊಡಕು ಒಂದು ವರ್ಷದ್ದು. ಬಿಟ್ಟುಬಿಟ್ಟ ಗಣಿತದ ನಷ್ಟ ಜೀವಮಾನದ್ದು.

ಯಾವ ಹಾದಿಯನ್ನು ಹಿಡಿದರೂ ಕೊನೆಗೆ ಕೈಯಲ್ಲಿ ಉಳಿಯುವುದೇನೆಂದು ಕೇಳಿಕೊಳ್ಳಬೇಕು. ಜೋಗಿಮಟ್ಟಿಯ ಸಾಲಿನಲ್ಲಿಯೂ ಹೊಸದುರ್ಗದ ಗುಡ್ಡಗಳಲ್ಲಿಯೂ ತಿರುಗುವ ಗಾಳಿಯಂತ್ರಗಳನ್ನು ನೋಡಿರಿ. ಹಳೆಯ ಗಿಡ್ಡ ಯಂತ್ರಗಳಾದ ಮೇಲೆ ಎತ್ತರದ ದೊಡ್ಡ ಯಂತ್ರಗಳು ಬಂದುವು. ಇನ್ನೂ ಬೇರೆಯವು ಬಂದಾವು. ಆದರೆ ಗಾಳಿಯ ಶಕ್ತಿಯು ಅದರ ವೇಗದ ಘನಕ್ಕೆ ಅನುಪಾತವಾಗಿರುವುದೆಂಬ ನಿಯಮ ಬದಲಾಗಿಲ್ಲ. ವೇಗವು ಶೇಕಡಾ 20ರಷ್ಟು ಹೆಚ್ಚಿದರೆ ಶಕ್ತಿಯು ಶೇಕಡಾ 73ರಷ್ಟು ಹೆಚ್ಚುವುದು. ಯಂತ್ರಗಳು ಗುಡ್ಡದ ನೆತ್ತಿಯನ್ನು ಹುಡುಕಿಕೊಂಡು ಹೋದುದು ಇದಕ್ಕಾಗಿಯೇ. ಯಂತ್ರದ ಗುಂಡಿಯನ್ನು ಮಾತ್ರ ಬಲ್ಲವನು ಯಂತ್ರ ಬದಲಾದ ದಿನ ನಿಲ್ಲುತ್ತಾನೆ. ನಿಯಮವನ್ನು ಬಲ್ಲವನು ಹೊಸ ಯಂತ್ರವನ್ನು ಒಂದು ತಿಂಗಳಲ್ಲಿ ಕಲಿಯುತ್ತಾನೆ. ಕಂಪ್ಯೂಟರಿನ ಭಾಷೆಗಳಿಗೂ ಈ ಮಾತು ಸಲ್ಲುವುದು.

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟು. ಅರ್ಜಿ ತುಂಬುವ ಮುನ್ನ ಒಂದು ಸಂಜೆ ತಂದೆತಾಯಿಗಳೊಡನೆ ಕುಳಿತು ಒಂದು ಹಾಳೆಯ ಮೇಲೆ ನಾಲ್ಕು ಸಾಲುಗಳನ್ನು ಬರೆಯಿರಿ: ಒಟ್ಟು ವೆಚ್ಚವೆಷ್ಟು; ನಡುವೆ ನಿಂತವನ ಸಂಬಳವೆಷ್ಟು; ಓದು ನಡುವೆ ನಿಂತರೆ ಬೇರೆ ಬಾಗಿಲು ಯಾವುದು; ಹತ್ತು ವರ್ಷಗಳ ಮೇಲೂ ಉಳಿಯುವ ವಿದ್ಯೆ ಯಾವುದು. ಅನಂತರ ಆ ಹಾಳೆಯನ್ನು ನಿಮ್ಮ ಉಪಾಧ್ಯಾಯರಿಗೆ ತೋರಿಸಿರಿ. ಅವರು ತಾವಾಗಿ ಕರೆದು ಹೇಳಲೆಂದು ಕಾಯಬೇಡಿರಿ. ನಮ್ಮಂಥವರು ಒಮ್ಮೊಮ್ಮೆ ಹೇಳಬೇಕಾದುದನ್ನು ಹೇಳದೆ ಇದ್ದುಬಿಡುತ್ತೇವೆ.